ಕಡು ಟೀಲ್ ಬಣ್ಣ ಹೊಡೆಸಿದರೆ ಚಾವಡಿ ಕತ್ತಲಾಗುತ್ತದೆಯೇ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ, ಅಡಿಕೆ ತೋಟದ ನಡುವಿನ ಹಂಚಿನ ಮನೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ, ಕಾವಿ ನೆಲ. ಚಾವಡಿಗೆ, ಅಂದರೆ ಮನೆಯ ಮುಂದಿನ ಕೋಣೆಗೆ, ಕಡು ಟೀಲ್ (ಹಸಿರುನೀಲಿ) ಬಣ್ಣ ಹೊಡೆಸಬೇಕೆಂದು ಮಗಳಿಗೆ ಆಸೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಮಳೆಗಾಲ) ಹಗಲಲ್ಲೇ ದೀಪ ಹಾಕಿ ಕೂರುವ ಮನೆ ಇದು. ಈ ಬಣ್ಣ ನಮಗೆ ಒಗ್ಗೀತೇ?

ಉತ್ತರ: ಒಗ್ಗುತ್ತದೆ, ಆದರೆ ನಾಲ್ಕೂ ಗೋಡೆಗೆ ಬೇಡ. ಇನ್ನೊಂದು ಮಾತು: ಚಾವಡಿ ಕತ್ತಲಾದೀತು ಎಂಬ ಭಯ ನಿಮಗಿದೆ, ಅದಕ್ಕೆ ಪರಿಹಾರ ಸುಲಭ. ಈ ಬಣ್ಣ ನಮ್ಮ ಊರಿನಲ್ಲಿ ಕೆಡುವುದು ಹೆಚ್ಚಾಗಿ ಗೋಡೆಯ ತೇವದಿಂದ. ಅದನ್ನು ಯಾರೂ ಕೇಳುವುದಿಲ್ಲ.

ಮೊದಲು ಬೆಳಕಿನ ಲೆಕ್ಕ. ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟನ್ನು ಹಿಂದಕ್ಕೆ ಕೊಡುತ್ತದೆ ಎಂಬುದಕ್ಕೆ ಎಲ್‌ಆರ್‌ವಿ ಎಂಬ ಅಂಕಿ ಇದೆ. ಕೆಲವು ಕಂಪನಿಗಳ ಶೇಡ್ ಕಾರ್ಡಿನಲ್ಲೇ ಅಚ್ಚಾಗಿರುತ್ತದೆ. ಒಳ್ಳೆಯ ಬಿಳಿಗೆ 80ರ ಮೇಲೆ. ಕಡು ಟೀಲಿಗೆ ಹೆಚ್ಚೆಂದರೆ 10. ಹಾಗಾಗಿ ಕಿಟಕಿಗೆ ಎದುರಿನ ಗೋಡೆಯಲ್ಲಿ ಈ ಬಣ್ಣ ಅತ್ಯಂತ ಚೆಂದ ಕಂಡರೂ, ಕೋಣೆಗೆ ಬೆಳಕು ಮರಳಿಸುವ ಗೋಡೆಯೇ ಅದಾದ್ದರಿಂದ ನಷ್ಟವೂ ಅಲ್ಲೇ ಹೆಚ್ಚು. ಎರಡು ದಿಕ್ಕಿನಿಂದ ಬೆಳಕು ಬರುವ ಚಾವಡಿಯಾದರೆ ಎದುರಿನ ಗೋಡೆಗೆ ಧೈರ್ಯವಾಗಿ ಹೊಡೆಸಿ. ಒಂದೇ ಕಡೆ ಕಿಟಕಿ ಇದ್ದರೆ ಪಕ್ಕದ ಗೋಡೆ ಆರಿಸಿ. ಕಿಟಕಿ ಇರುವ ಗೋಡೆಗೆ ಮಾತ್ರ ಬೇಡ: ಕಿಟಕಿ ಕಪ್ಪು ಚೌಕಟ್ಟಿನ ನಡುವೆ ಉರಿಯುವ ಬಿಳಿಯಂತೆ ಕಂಡು ಕಣ್ಣು ನೋಯುತ್ತದೆ.

ಹಂಚಿನ ಮಾಡು ಆದ್ದರಿಂದ ನಿಮಗೊಂದು ಅನುಕೂಲವಿದೆ. ಮುಚ್ಚಿಗೆ (ಮಾಡಿನ ಕೆಳಗಿನ ಹಲಗೆಯ ಹೊದಿಕೆ) ಇಲ್ಲದಿದ್ದರೆ ಟೀಲ್ ಗೋಡೆಯ ನೇರಕ್ಕೆ ಎರಡು ಗಾಜಿನ ಹಂಚು ಕೂರಿಸಿ; ಹಗಲಿನ ಬೆಳಕು ಮೇಲಿನಿಂದ ಗೋಡೆಯ ಮೇಲೆ ಇಳಿಯುತ್ತದೆ. ಮರದ ಮುಚ್ಚಿಗೆ ಇದ್ದು ಅದೂ ಕಪ್ಪಾಗಿದ್ದರೆ ಒಂದು ಗೋಡೆಗಿಂತ ಹೆಚ್ಚಿಗೆ ಕೈ ಹಾಕಬೇಡಿ.

ರಾತ್ರಿಯ ಬೆಳಕಿಗೆ ಒಂದೇ ಟ್ಯೂಬ್‌ಲೈಟ್ ಸಾಲದು. 9 ವಾಟಿನ ಎಲ್‌ಇಡಿ ಬಲ್ಬ್ ಸುಮಾರು 900 ಲೂಮೆನ್ ಕೊಡುತ್ತದೆ; 12 ಅಡಿ ಚೌಕದ ಚಾವಡಿಗೆ ಅಂಥ ಮೂರು ಬೇರೆ ಬೇರೆ ಕಡೆ ಇರಲಿ. ಬಲ್ಬಿನ ಬಣ್ಣವೂ ಮುಖ್ಯ. 2700 ಕೆಲ್ವಿನಿನ ಹಳದಿ ಬೆಳಕಿನಲ್ಲಿ ಟೀಲ್ ಹಸಿರಿಗೆ ವಾಲುತ್ತದೆ, 6500ರ ಬಿಳಿ ಬೆಳಕಿನಲ್ಲಿ ನೀಲಿಗೆ. ತೋಟದ ಎಲೆಗಳಿಂದ ಸೋಸಿ ಬರುವ ಹಗಲು ಬೆಳಕು ಮೊದಲೇ ಹಸಿರು. ಆದ್ದರಿಂದ ಅಂಗಡಿಯ ಕಾರ್ಡ್ ನೋಡಿ ತೀರ್ಮಾನಿಸಬೇಡಿ. ಚಿಕ್ಕ ಸ್ಯಾಂಪಲ್ ಡಬ್ಬಿ ತಂದು ಎರಡಡಿ ಚೌಕದ ಪ್ಲೈವುಡ್ ತುಂಡಿಗೆ ಎರಡು ಕೋಟು ಹೊಡೆದು, ಅದೇ ಗೋಡೆಗೆ ಒರಗಿಸಿಟ್ಟು ಬೆಳಗ್ಗೆ, ಮೂರು ಗಂಟೆಗೆ, ರಾತ್ರಿ ದೀಪದಲ್ಲಿ ನೋಡಿ. ತೋಟದ ಮನೆಗೆ ನೀಲಿ ಕಡೆ ವಾಲಿದ ಟೀಲ್, ಅಂದರೆ ನವಿಲಿನ ಕೊರಳಿನ ಬಣ್ಣವೇ ಸರಿ. ಹಸಿರು ಹೆಚ್ಚಾದದ್ದು ಒಳಗೆ ಪಾಚಿಯಂತೆ ಕಾಣುತ್ತದೆ. ಹೊಡೆದ ಬಣ್ಣ ಹಸಿಯಾಗಿದ್ದಾಗ ಹಾಲು ಬೆರೆಸಿದಂತೆ ತಿಳಿಯಾಗಿರುತ್ತದೆ, ಒಣಗಿದ ಮೇಲೆ ಕಪ್ಪಾಗುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ.

ಕಾವಿ ನೆಲ ಇದಕ್ಕೆ ಹೇಳಿ ಮಾಡಿಸಿದ ಜೋಡಿ. ಕೆಂಪು-ಕಿತ್ತಳೆ ಮತ್ತು ಹಸಿರುನೀಲಿ ಪರಸ್ಪರ ವಿರುದ್ಧ ಬಣ್ಣಗಳಾದ್ದರಿಂದ ಒಂದರ ಪಕ್ಕದಲ್ಲಿ ಇನ್ನೊಂದು ಎದ್ದು ಕಾಣುತ್ತದೆ. ಹಲಸಿನ ಮರದ ಬಾಗಿಲು, ಹಿತ್ತಾಳೆಯ ತೂಗುದೀಪ ಇದರ ಮುಂದೆ ಹೊಳೆಯುತ್ತವೆ. ಬೀಟಿ ಮರದ ಕಪ್ಪು ಕಪಾಟು ಮಾತ್ರ ಗೋಡೆಯಲ್ಲೇ ಕರಗಿಹೋಗುತ್ತದೆ, ಅದನ್ನು ಬೇರೆ ಗೋಡೆಗೆ ಸರಿಸಿ. ಉಳಿದ ಮೂರು ಗೋಡೆಗೆ ಅಚ್ಚ ಬಿಳಿ ಬೇಡ, ಚೂರು ಹಳದಿ ಬೆರೆತ ಬಿಳಿ ಇರಲಿ.

ಇನ್ನು ತೇವ. ತಿಳಿ ಗೋಡೆಯಲ್ಲಿ ಕಣ್ಣಿಗೆ ಬೀಳದ ಉಪ್ಪು ಕಡು ಬಣ್ಣದ ಮೇಲೆ ರಂಗೋಲಿ ಹುಡಿ ಚೆಲ್ಲಿದಂತೆ ಕಾಣುತ್ತದೆ. ಮುರಕಲ್ಲು ನೀರು ಹೀರುವ ಕಲ್ಲು. ನೆಲದಿಂದ ಎರಡು ಮೂರು ಅಡಿಯವರೆಗೆ ತೇವ ಏರುತ್ತದೆ. ಉಪ್ಪಳ, ಮಂಜೇಶ್ವರದಂಥ ಕಡಲತಡಿಯಲ್ಲಿ ಉಪ್ಪಿನಂಶದ ಹೊಯ್ಗೆಯಿಂದ (ಮರಳಿನಿಂದ) ಸಾರಣೆ ಮಾಡಿದ್ದರೆ ಗೋಡೆ ಗಾಳಿಯಿಂದಲೇ ನೀರು ಎಳೆಯುತ್ತದೆ. ಪರೀಕ್ಷೆ ಸುಲಭ: ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಬುಡದಲ್ಲಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಒಳಗೆ ನೀರಿನ ಹನಿ ಕಂಡರೆ, ಅಥವಾ ಆ ಜಾಗದ ಸಾರಣೆ ಕಪ್ಪಾಗಿದ್ದರೆ, ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸುವವರೆಗೆ ಕೆಲಸ ಬೇಡ. ಅಂಗಳದ ಮಣ್ಣು ಒಳನೆಲಕ್ಕಿಂತ ಎತ್ತರವಾಗಿರುವುದು, ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುವುದು ಸಾಮಾನ್ಯ ಕಾರಣಗಳು. ಉಪ್ಪು ಎದ್ದರೆ ಒಣ ಬ್ರಶ್ಶಿನಿಂದ ಉಜ್ಜಿ ತೆಗೆಯಿರಿ. ನೀರಲ್ಲಿ ತೊಳೆದರೆ ಅದು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಸಮಯ: ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ ಹಿಡಿದು ವಿಷುವಿನೊಳಗೆ (ಏಪ್ರಿಲ್ ನಡುವಿಗೆ) ಮುಗಿಸಿ. ಪತ್ತನಾಜೆಯ (ಮೇ ಕೊನೆಯ ವಾರದ ಹೊತ್ತಿನ ತುಳುವರ ಆಚರಣೆ) ನಂತರ ಹಿಡಿಯಲೇ ಬೇಡಿ. ಹೊಸ ಸಾರಣೆಯಾದರೆ ಕನಿಷ್ಠ 28 ದಿನ ಕಾಯಬೇಕು.

ಹಳೆಯ ಸುಣ್ಣದ ಗೋಡೆಯಾದರೆ ಪದರ ಪೂರ್ತಿ ಕೆರೆಯಬೇಕು. ಅಂಗೈ ಉಜ್ಜಿದಾಗ ಬಿಳಿ ಹುಡಿ ಹತ್ತುವ ಗೋಡೆಯ ಮೇಲೆ ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಬಣ್ಣ) ಹಪ್ಪಳದಂತೆ ಏಳುತ್ತದೆ. ಪುಟ್ಟಿ ಹಾಕಿ, 220 ನಂಬರಿನ ಉಪ್ಪುಕಾಗದದಿಂದ ತಿಕ್ಕಿ, ಹುಡಿ ಒರೆಸಿ, ಪ್ರೈಮರ್ ಹೊಡೆಯಿರಿ. ಬಿಳಿ ಪ್ರೈಮರ್ ಬೇಡ. ಕಪ್ಪು ಸ್ಟೈನರನ್ನು (ಬಣ್ಣ ಬದಲಿಸಲು ಬೆರೆಸುವ ದ್ರವ) ಹನಿ ಹನಿಯಾಗಿ ಬೆರೆಸಿ ಒದ್ದೆ ಸಿಮೆಂಟಿನ ಬೂದು ಬಣ್ಣಕ್ಕೆ ತನ್ನಿ. ಕಾರಣವಿದೆ: ಕಡು ಬಣ್ಣಗಳನ್ನು ಡೀಪ್ ಬೇಸಿನಲ್ಲಿ (ಕಡು ಬಣ್ಣಕ್ಕೆಂದೇ ಇರುವ ಮೂಲ ಪೈಂಟಿನಲ್ಲಿ) ಕಲಸುತ್ತಾರೆ, ಅದರಲ್ಲಿ ಮರೆಮಾಡುವ ಬಿಳಿ ಪುಡಿಯಾದ ಟೈಟಾನಿಯಂ ಡೈಆಕ್ಸೈಡ್ ತೀರಾ ಕಡಿಮೆ. ಬಿಳಿಯ ಮೇಲೆ ಹೊಡೆದರೆ ನಾಲ್ಕು ಕೋಟಾದರೂ ಒಳಗಿನ ಬಿಳಿ ಇಣುಕುತ್ತದೆ. ಬೂದು ಪ್ರೈಮರಿನ ಮೇಲೆ ಮೂರು ಕೋಟು ಸಾಕು.

ಪ್ರಮಾಣ: 12 ಅಡಿ ಅಗಲ, 10 ಅಡಿ ಎತ್ತರದ ಒಂದು ಗೋಡೆ 120 ಚದರಡಿ, ಮೂರು ಕೋಟಿಗೆ 360. ಲೀಟರಿಗೆ ಒಂದು ಕೋಟು 160 ಚದರಡಿ ಎಂದು ಹಿಡಿದರೆ ಎರಡೂಕಾಲು ಲೀಟರು. ಮೂರು ಲೀಟರ್ ತನ್ನಿ, ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿ. ಒಂದೇ ನಂಬರಾದರೂ ಡಬ್ಬಿಯಿಂದ ಡಬ್ಬಿಗೆ ಚೂರು ವ್ಯತ್ಯಾಸವಿರುತ್ತದೆ, ಟೀಲಿನಲ್ಲಿ ಅದು ಗೋಡೆಯ ನಡುವೆ ಗೆರೆಯಾಗಿ ಕಾಣುತ್ತದೆ. ಪೈಂಟಿನವರು ಅಭ್ಯಾಸಬಲದಿಂದ ನೀರು ಹೆಚ್ಚು ಸೇರಿಸುತ್ತಾರೆ. ಡಬ್ಬಿಯಲ್ಲಿ ಬರೆದದ್ದಕ್ಕಿಂತ ಒಂದು ಲೋಟವೂ ಹೆಚ್ಚು ಬೇಡ. ಹೊಡೆಯುವಾಗ ಫ್ಯಾನ್ ಬಂದ್ ಮಾಡಿ. ಒಬ್ಬರು ಅಂಚಿಗೆ ಬ್ರಶ್ ಎಳೆಯುತ್ತಿದ್ದಂತೆ ಇನ್ನೊಬ್ಬರು ರೋಲರ್ ಹಿಡಿದು ಹಿಂದೆಯೇ ಬರಬೇಕು, ಅಂಚು ಒಣಗಿದರೆ ಪಟ್ಟೆ ಬೀಳುತ್ತದೆ. ಮೂಲೆಯಿಂದ ಮೂಲೆಗೆ ಗೋಡೆ ಮುಗಿಯುವವರೆಗೆ ಊಟಕ್ಕೂ ಏಳುವುದು ಬೇಡ. ಕೋಟುಗಳ ನಡುವೆ ಒಂದು ರಾತ್ರಿ ಬಿಡಿ.

ಹೊಳಪು ಎಷ್ಟಿರಬೇಕು? ಮುರಕಲ್ಲಿನ ಗೋಡೆಯ ಉಬ್ಬುತಗ್ಗು ಹೊಳಪಿನ ಬಣ್ಣದಲ್ಲಿ ಎದ್ದು ಕಾಣುತ್ತದೆ, ಅದರಲ್ಲೂ ಪಕ್ಕದ ಕಿಟಕಿಯ ಬೆಳಕಿಗೆ. ತೊಳೆಯಬಹುದಾದ ಮ್ಯಾಟ್ ತೆಗೆದುಕೊಳ್ಳಿ. ಅದಕ್ಕೂ ಒಂದು ದೋಷವಿದೆ: ಬೆನ್ನು, ಕುರ್ಚಿ ತಾಗಿದಲ್ಲಿ ಉಜ್ಜಿ ಹೊಳೆಯುವ ಕಲೆಯಾಗುತ್ತದೆ. ಕುರ್ಚಿಯನ್ನು ಮೂರು ಇಂಚು ಮುಂದಿಡಿ, ಕುರ್ಚಿಯ ಹಿಂದೆ ಗಾಳಿ ಆಡಿ ಬೂಷ್ಟು ಹಿಡಿಯುವುದೂ ತಪ್ಪುತ್ತದೆ.

ಹೊಡೆಸಿದ ಕೆಲ ದಿನಗಳಲ್ಲಿ ಬೆಲ್ಲದ ನೀರು ಸೋರಿದಂಥ ಅಂಟು ಗೆರೆಗಳು ಕಂಡರೆ ಬಣ್ಣ ಕೆಟ್ಟಿದೆ ಎಂದು ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಕಡು ಬಣ್ಣದೊಳಗಿನ ಸಾಬೂನಿನಂಥ ಅಂಶ ತೇವದ ಗಾಳಿಯಲ್ಲಿ ನಿಧಾನ ಒಣಗುವಾಗ ಮೇಲಕ್ಕೆ ಬರುತ್ತದೆ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ; ಒಂದೆರಡು ಸಲ ಮರುಕಳಿಸಿ ನಿಲ್ಲುತ್ತದೆ.

ಮಿಕ್ಕ ಬಣ್ಣವನ್ನು ಬಿಗಿ ಮುಚ್ಚಳದ ಚಿಕ್ಕ ಡಬ್ಬಿಗೆ ತುಂಬಿ, ಅಂಗಡಿಯ ಬಣ್ಣ ಕಲಸುವ ಯಂತ್ರದ ಸ್ಟಿಕ್ಕರಿನಲ್ಲಿರುವ ಶೇಡ್ ನಂಬರ್, ಬೇಸ್ ಎರಡನ್ನೂ ಅದರ ಮೇಲೆ ಬರೆದಿಡಿ. ಮೊಳೆ ಕಿತ್ತ ಗುಳಿಗೆ ಅದು ಸಾಕು. ಅಂಗೈಗಿಂತ ದೊಡ್ಡ ಕಲೆಯಾದರೆ ಅಲ್ಲಷ್ಟೇ ತೇಪೆ ಹಚ್ಚಬೇಡಿ, ಇಡೀ ಗೋಡೆಗೆ ಒಂದು ಕೋಟು ಹೊಡೆಸಿ.