ಏಳು ಸುತ್ತಿನ ಕೋಟೆಗೆ ಫೋನ್ ಸಾಕಾ?

ಚಿತ್ರದುರ್ಗಕ್ಕೆ ಹೊರಟಿದ್ದೀವಿ, ಕ್ಯಾಮೆರಾ ತರಬೇಕಾ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಬೇಡ, ಆ ಮೆಟ್ಟಿಲು ಹತ್ತುವಾಗ ಕುತ್ತಿಗೆಗೆ ಭಾರ ಯಾಕೆ, ಫೋನ್ ಸಾಕು. ಆದರೆ ಅದು ಯಾಕೆ ಸಾಕಾಗುತ್ತದೆ ಅಂತ ಗೊತ್ತಿದ್ದರೆ ಎಲ್ಲಿ ಕೈ ಕೊಡುತ್ತದೆ ಅನ್ನೋದೂ ಗೊತ್ತಾಗುತ್ತದೆ.

ಲೆಕ್ಕ ನೋಡಿದರೆ ಫೋನ್ ಸೋಲಬೇಕು. ಫುಲ್ ಫ್ರೇಮ್ ಅನ್ನುವ ದೊಡ್ಡ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ದುಬಾರಿ ಫೋನಿನದ್ದೂ ಹೆಚ್ಚುಕಮ್ಮಿ 10 ಅಗಲ, 7 ಎತ್ತರ. ವಿಸ್ತೀರ್ಣದಲ್ಲಿ ಸುಮಾರು 12 ಪಟ್ಟು ವ್ಯತ್ಯಾಸ. ಬೆಳಕು ಬರುವುದು ಫೋಟಾನ್ ಅನ್ನುವ ಕಣಗಳಾಗಿ, ಬಿಡಿಬಿಡಿಯಾಗಿ, ಹೊತ್ತುಗೊತ್ತಿಲ್ಲದೆ. ಚಿಕ್ಕ ಸೆನ್ಸರಿಗೆ ಸಿಗುವುದೂ ಕಮ್ಮಿ. ಅವು ಕಡಿಮೆ ಇದ್ದಷ್ಟೂ ಒಂದು ಪಿಕ್ಸೆಲ್‌ಗೂ ಪಕ್ಕದ್ದಕ್ಕೂ ಏರುಪೇರು ಜಾಸ್ತಿ. ನೆರಳಿನ ಜಾಗದಲ್ಲಿ ರವೆ ಚೆಲ್ಲಿದ ಹಾಗೆ ಕಾಣುತ್ತದಲ್ವಾ, ಆ ನಾಯ್ಸ್ ಇದೇ.

ಇದಕ್ಕೆ ಫೋನ್ ಕಂಡುಕೊಂಡ ಉಪಾಯ ಗಣಿತ. ನೀವು ಒಂದು ಸಲ ಒತ್ತಿದರೆ ಅದು ಹಲವು ಫೋಟೋ ತೆಗೆದಿರುತ್ತದೆ, ಎಷ್ಟೋ ಫೋನ್‌ಗಳಲ್ಲಿ ಕೆಲವನ್ನು ನೀವು ಒತ್ತುವ ಮೊದಲೇ. ನಿಮ್ಮ ಕೈ ನಡುಗಿದ್ದನ್ನು ಸರಿಪಡಿಸಿ, ಒಂದರ ಮೇಲೊಂದು ಕೂರಿಸಿ, ಸರಾಸರಿ ತೆಗೆಯುತ್ತದೆ. ನಾಯ್ಸ್ ಇಳಿಯುವುದು ವರ್ಗಮೂಲದ ಲೆಕ್ಕದಲ್ಲಿ: 9 ಫೋಟೋ ಸೇರಿದರೆ ಮೂರನೇ ಒಂದು ಭಾಗಕ್ಕೆ. ಗೂಗಲ್‌ನವರು ತಮ್ಮ ವಿಧಾನವನ್ನು 2016ರಲ್ಲೇ ವಿವರವಾಗಿ ಪ್ರಕಟಿಸಿದ್ದರು. 2018ರಲ್ಲಿ ಅವರ ಪಿಕ್ಸೆಲ್ ಫೋನ್‌ಗಳಿಗೆ ಕತ್ತಲಲ್ಲಿ ಫೋಟೋ ತೆಗೆಯುವ ನೈಟ್ ಸೈಟ್ ಬಂತು.

ಓಬವ್ವನ ಕಿಂಡಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಬಂಡೆಗಳ ನಡುವೆ ನೆರಳು, ಆಚೆ ಮಟಮಟ ಮಧ್ಯಾಹ್ನದ ಬಿಸಿಲು. ಒಂದೇ ಫೋಟೋದಲ್ಲಿ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ, ಇಲ್ಲವೇ ಬಂಡೆ ಕಪ್ಪಾಗುತ್ತದೆ. ಫೋನ್ ಬೇಕಂತಲೇ ಕಪ್ಪಗೆ ತೆಗೆದು ಆಕಾಶ ಉಳಿಸಿಕೊಳ್ಳುತ್ತದೆ, ಆಮೇಲೆ ನೆರಳನ್ನು ಮೇಲೆತ್ತುತ್ತದೆ. ಸರಾಸರಿಯಿಂದ ನಾಯ್ಸ್ ಇಳಿದಿರುವುದರಿಂದ ಇದು ಸಾಧ್ಯ. ಕ್ಯಾಮೆರಾದ ರಾ ಫೈಲಿನಲ್ಲೂ (ಸೆನ್ಸರ್ ಕಂಡದ್ದನ್ನು ತಿದ್ದದೆ ಹಾಗೇ ಇಟ್ಟ ಫೈಲು) ಮಾಡಬಹುದು ಬಿಡಿ, ಆದರೆ ಮನೆಗೆ ಹೋಗಿ ಕಂಪ್ಯೂಟರ್ ಮುಂದೆ ಕೂರುವ ತಾಳ್ಮೆ ಎಷ್ಟು ಜನಕ್ಕಿದೆ?

ನನ್ನ ತಕರಾರೂ ಇಲ್ಲೇ. ಎಲ್ಲಾ ನೆರಳನ್ನೂ ಎತ್ತಿದರೆ ಬಂಡೆಯ ಉಬ್ಬುತಗ್ಗು ಮಾಯ, ಗೋಡೆಯ ಕೆತ್ತನೆ ಸಪ್ಪೆ. ಸ್ಕ್ರೀನ್ ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಸಂಜೆಯ ಓರೆ ಬಿಸಿಲಿನಲ್ಲಿ ಕೋವಿ ಮದ್ದು ಬೀಸುವ ಕಲ್ಲುಗಳನ್ನು ಹೀಗೆ ತೆಗೆದು ನೋಡಿ, ಉಳಿಯ ಏಟೂ ಕಾಣುತ್ತದೆ.

ಬಾಗಿಲುಗಳ ಹತ್ತಿರ ದಾರಿ ಬೇಕಂತಲೇ ತಿರುವುಮುರುವಾಗಿದೆ, ಶತ್ರು ನೇರ ನುಗ್ಗಬಾರದು ಅಂತ. ಫೋಟೋ ತೆಗೆಯುವವರಿಗೂ ಹಿಂದೆ ಸರಿಯಲು ಜಾಗ ಇಲ್ಲ. ಅಲ್ಲಿ ಹೆಚ್ಚು ಅಗಲ ಹಿಡಿಯುವ ಅಲ್ಟ್ರಾವೈಡ್ ಲೆನ್ಸ್ ಒಳ್ಳೆಯದೇ, ಆದರೆ ಅತ್ತೆಯನ್ನು ಅಂಚಿನಲ್ಲಿ ನಿಲ್ಲಿಸಬೇಡಿ, ಮುಖ ಅಡ್ಡಕ್ಕೆ ಎಳೆದಂತಾಗಿ ಆಮೇಲೆ ಮಾತು ಕೇಳಬೇಕಾಗುತ್ತದೆ.

ಸರಾಸರಿಗೆ ಸಿಗದವು ಕೋತಿಗಳು. ನಾಲ್ಕು ಫೋಟೋದಲ್ಲಿ ನಾಲ್ಕು ಕಡೆ ಇರುವ ಕೋತಿಯನ್ನು ಒಂದರ ಮೇಲೊಂದು ಕೂರಿಸುವುದು ಹೇಗೆ? ಫೋನ್ ಆ ಭಾಗಕ್ಕೆ ಒಂದೇ ಫೋಟೋ ಇಟ್ಟುಕೊಳ್ಳುತ್ತದೆ, ಅಷ್ಟು ಜಾಗ ಮಾತ್ರ ರವೆ ರವೆ, ಬೆಳಕು ಕಡಿಮೆಯಿದ್ದರೆ ಮಸುಕು ಕೂಡ. ಚಂದ್ರವಳ್ಳಿಯ ಗುಹೆಗಳ ಒಳಗಂತೂ ಕಗ್ಗತ್ತಲು. ಬೆಳಕೇ ಇಲ್ಲದ ಕಡೆ ಎಷ್ಟು ಫೋಟೋ ಕೂಡಿಸಿದರೂ ಸೊನ್ನೆಯೇ. ಜೊತೆಯಲ್ಲಿರುವವರಿಗೆ ಟಾರ್ಚನ್ನು ಪಕ್ಕದಿಂದ ಹಿಡಿಯೋಕೆ ಹೇಳಿ.

ದೂರದ್ದಕ್ಕೂ ಇದೇ ಕಥೆ. ಬರೀ ಡಿಜಿಟಲ್ ಝೂಮ್ ಅಂದರೆ ಕತ್ತರಿಸುವುದು: 12 ಮೆಗಾಪಿಕ್ಸೆಲ್ ಫೋಟೋವನ್ನು 4 ಪಟ್ಟು ಎಳೆದರೆ ಉಳಿಯುವುದು 16ರಲ್ಲಿ ಒಂದು ಭಾಗ, ಮುಕ್ಕಾಲು ಮೆಗಾಪಿಕ್ಸೆಲ್. ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳಿಗೆ ಪರವಾಗಿಲ್ಲ, ಆದರೆ ಜಗಳೂರಿನ ರಂಗಯ್ಯನದುರ್ಗಕ್ಕೆ ಕೊಂಡುಕುರಿ (ನಾಲ್ಕು ಕೊಂಬಿನ ಜಿಂಕೆಯಂಥ ಪ್ರಾಣಿ) ಹುಡುಕಿಕೊಂಡು ಹೋಗುವವರು ಕ್ಯಾಮೆರಾ, ಉದ್ದದ ಲೆನ್ಸ್ ಎರಡೂ ಒಯ್ಯಲೇಬೇಕು.

ಇನ್ನು ದಾವಣಗೆರೆ ಕಡೆಯಿಂದ ವಾಪಸ್ ಹೋಗುವವರಿಗೆ ಒಂದು ಮಾತು. ರಾತ್ರಿ ಫೋಟೋದಲ್ಲಿ ಬೀದಿ ದೀಪಗಳಿಂದ ಉದ್ದುದ್ದ ಗೆರೆ ಬರ್ತಿದ್ದರೆ ಸುಮ್ನೆ ಫೋನ್ ಹಳೆಯದಾಯ್ತು ಅಂದುಕೊಳ್ಳಬೇಡಿ. ಲೆನ್ಸ್ ಮೇಲಿನ ಜಿಡ್ಡು ಬೆಳಕನ್ನು ಚದುರಿಸಿದಾಗ ಹಾಗಾಗುತ್ತದೆ. ಬೆಣ್ಣೆ ದೋಸೆ ತಿಂದ ಕೈ ತೊಳೆದು, ಮೆತ್ತಗಿನ ಬಟ್ಟೆಯಲ್ಲಿ ಲೆನ್ಸ್ ಒರೆಸಿ, ಇನ್ನೊಂದು ಸಲ ತೆಗೆಯಿರಿ.