ನಯಾಗರಕ್ಕೆ ಅಮೆರಿಕದ ವೀಸಾ ಸಾಕೇ?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೊರಟಿದ್ದೇವೆ. ಹತ್ತು ವರ್ಷದ ವಿಸಿಟರ್ ವೀಸಾ ಇದೆ. ಅದರಲ್ಲೇ ನಯಾಗರದ ಕೆನಡಾ ಕಡೆಗೂ ಹೋಗಿಬರಬಹುದೇ?

ಉತ್ತರ: ಆಗುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ವೀಸಾ ಬೇರೆಯೇ ಬೇಕು. ಎರಡೂ ದೇಶಗಳನ್ನು ಜೋಡಿಸುವ ರೇನ್‌ಬೋ ಸೇತುವೆಯನ್ನು ನಡೆದೇ ದಾಟಿ ಅರ್ಧ ಗಂಟೆಯಲ್ಲಿ ವಾಪಸಾಗುತ್ತೇವೆ ಎಂದರೂ ಬಿಡುವುದಿಲ್ಲ. ಮಗಳಿಗೆ ಗ್ರೀನ್ ಕಾರ್ಡ್ ಇದ್ದರೆ ಅವಳಿಗೆ ಈ ವೀಸಾ ಬೇಡ. ಕಾರ್ಡ್ ಮತ್ತು ಪಾಸ್‌ಪೋರ್ಟ್ ಎರಡೂ ಕೈಯಲ್ಲಿರಬೇಕು. ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿದ್ದರೆ ಅವಳಿಗೂ ಬೇಕು. ಮನೆಯಲ್ಲಿ ಒಬ್ಬರಿಗೆ ಬೇಡವೆಂದರೆ ಎಲ್ಲರಿಗೂ ಬೇಡ ಎಂದುಕೊಂಡು ಸೇತುವೆಯ ತನಕ ಹೋಗಿ ಹಿಂತಿರುಗುವವರೂ ಇದ್ದಾರೆ.

ಕೆನಡಾ ಕಡೆ ನೋಡಲೇಬೇಕೆಂದಿದ್ದರೆ ಊರಿನಲ್ಲಿರುವಾಗಲೇ ಅರ್ಜಿ ಹಾಕಿ. ಅರ್ಜಿ ಆನ್‌ಲೈನ್, ಬೆರಳಚ್ಚು ಮತ್ತು ಫೋಟೋ ಬೆಂಗಳೂರಿನ ವೀಸಾ ಕೇಂದ್ರದಲ್ಲೇ ಆಗುತ್ತದೆ. ಒಬ್ಬರಿಗೆ ಶುಲ್ಕ 100 ಕೆನಡಾ ಡಾಲರ್, ಬಯೋಮೆಟ್ರಿಕ್‌ಗೆ ಇನ್ನೂ 85. ಮಂಜೂರಾದ ಮೇಲೆ ವೀಸಾ ಅಂಟಿಸಲು ಪಾಸ್‌ಪೋರ್ಟನ್ನೇ ಕೊಡಬೇಕು. ಪರದೇಶದಲ್ಲಿ ಕುಳಿತು ಪಾಸ್‌ಪೋರ್ಟ್ ಕೈಬಿಟ್ಟು ಕಾಯುವ ಪಾಡು ಯಾಕೆ?

ಇನ್ನೊಂದು ತಪ್ಪು ಲೆಕ್ಕ: ಕೆನಡಾಕ್ಕೆ ಹೋಗಿಬಂದರೆ ಅಮೆರಿಕದಲ್ಲಿ ಇರಲು ಕೊಟ್ಟ ಆರು ತಿಂಗಳು ಹೊಸದಾಗಿ ಶುರುವಾಗುತ್ತದೆ ಎಂಬುದು. 30 ದಿನದೊಳಗಿನ ಇಂಥ ಪ್ರವಾಸದಲ್ಲಿ ಸಾಮಾನ್ಯವಾಗಿ ಹಳೆಯ ಐ-94ರ (ಅಮೆರಿಕಕ್ಕೆ ಬಂದಾಗ ಆಗುವ ಪ್ರವೇಶ ದಾಖಲೆ) ಕೊನೆಯ ದಿನಾಂಕವೇ ಮುಂದುವರಿಯುತ್ತದೆ.

ವೀಸಾ ಇಲ್ಲದಿದ್ದರೆ ಕೊರಗಬೇಡಿ. ಹಾರ್ಸ್‌ಶೂ, ಅಮೆರಿಕನ್, ಬ್ರೈಡಲ್ ವೇಲ್ ಮೂರೂ ಜಲಪಾತಗಳನ್ನು ಒಟ್ಟಿಗೆ ಎದುರಿನಿಂದ ಕಾಣಲು ಕೆನಡಾ ದಡವೇ ಸರಿ, ಅದು ನಿಜ. ಆದರೆ ನೀರಿನ ಹತ್ತಿರ ಹೋಗಲು ಅಮೆರಿಕದ ದಡವೇ ಮೇಲು. ಗೋಟ್ ಐಲೆಂಡ್‌ನ ಟೆರಾಪಿನ್ ಪಾಯಿಂಟ್‌ನಲ್ಲಿ ಹಾರ್ಸ್‌ಶೂ ಧುಮುಕುವ ಅಂಚು ಪಕ್ಕದಲ್ಲೇ ಇದೆ. ಕೇವ್ ಆಫ್ ದ ವಿಂಡ್ಸ್‌ನ ಮರದ ಅಟ್ಟಣೆ ಬ್ರೈಡಲ್ ವೇಲ್‌ನಿಂದ ಸುಮಾರು 6 ಮೀಟರ್ ದೂರ; ಮಳೆಯಂಗಿ ಕೊಟ್ಟರೂ ಮೊಣಕಾಲಿನ ಕೆಳಗೆ ನೆನೆಯುವುದು ಖಂಡಿತ, ಮೆಟ್ಟಿಲೂ ಇವೆ. ಮಂಡಿನೋವಿದ್ದವರಿಗೆ ಮೇಡ್ ಆಫ್ ದ ಮಿಸ್ಟ್ ದೋಣಿ ಹಗುರ, ಕೆಳಗಿಳಿಯಲು ಲಿಫ್ಟ್ ಇದೆ. ಚಳಿಗಾಲದಲ್ಲಿ ಮಾತ್ರ ದೋಣಿ ಇರುವುದಿಲ್ಲ. ಪಾರ್ಕಿಗೆ ಪ್ರವೇಶ ಉಚಿತ, ಕಾರು ನಿಲ್ಲಿಸಲು ಹಣ.

ಜೋಗದ 253 ಮೀಟರ್ ಕಂಡವರಿಗೆ 57 ಮೀಟರಿನ ಹಾರ್ಸ್‌ಶೂ ಕುಳ್ಳ ಅನ್ನಿಸಬಹುದು. ಇಲ್ಲಿನ ಬೆರಗು ಅಗಲದಲ್ಲಿ, ನೀರಿನ ಮೊತ್ತದಲ್ಲಿ. ಆ ಮೊತ್ತವೂ ಜೋಗದಂತೆಯೇ ವಿದ್ಯುತ್ತಿನ ಲೆಕ್ಕಕ್ಕೆ ಸಿಕ್ಕಿದೆ. ಅಮೆರಿಕ-ಕೆನಡಾಗಳ 1950ರ ಒಪ್ಪಂದದ ಪ್ರಕಾರ ಏಪ್ರಿಲ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 8ರಿಂದ ರಾತ್ರಿ 10ರ ತನಕ, ಆಮೇಲೆ ಅಕ್ಟೋಬರ್ ಕೊನೆಯವರೆಗೆ ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ, ಸೆಕೆಂಡಿಗೆ ಕನಿಷ್ಠ 1 ಲಕ್ಷ ಘನ ಅಡಿ ನೀರು ಬಿಡಬೇಕು. ಉಳಿದ ಹೊತ್ತು ಮತ್ತು ಚಳಿಗಾಲವಿಡೀ ಅದರ ಅರ್ಧ ಬಿಟ್ಟರೆ ಸಾಕು. ಹಾಗಾಗಿ ಜನಜಂಗುಳಿ ತಪ್ಪಿಸಲು ಬೆಳಕು ಹರಿಯುವ ಮೊದಲೇ ಹೋಗಿ ನಿಂತರೆ ಅರ್ಧ ಜಲಪಾತವಷ್ಟೇ ಕಂಡೀತು. ಕಾಮನಬಿಲ್ಲು ಬೇಕೆಂದರೆ ಸೂರ್ಯ ಬೆನ್ನ ಹಿಂದಿರಬೇಕು: ಅಮೆರಿಕದ ಕಡೆ ಬೆಳಿಗ್ಗೆ, ಕೆನಡಾ ಕಡೆ ಮಧ್ಯಾಹ್ನದ ನಂತರ.

ಹೋಟೆಲ್ ಬುಕ್ ಮಾಡುವಾಗ ರಾಜ್ಯದ ಹೆಸರು ನೋಡಿ. ನಯಾಗರ ಫಾಲ್ಸ್ ಎಂಬ ಊರು ನದಿಯ ಎರಡೂ ಕಡೆ ಇದೆ. ನ್ಯೂಯಾರ್ಕ್ ಎಂದಿರಬೇಕು, ಒಂಟಾರಿಯೊ ಎಂದಿದ್ದರೆ ಅದು ಕೆನಡಾ. ಕಾರಿನಲ್ಲೂ ಅಷ್ಟೇ: ‘ಬ್ರಿಡ್ಜ್ ಟು ಕೆನಡಾ’ ಫಲಕದ ಲೇನ್‌ಗೆ ಸೇರಿಬಿಟ್ಟರೆ ನಡುವೆ ತಿರುಗಿಸಲಾಗದೆ ಸೀದಾ ತಪಾಸಣೆಗೆ ಹೋಗಿ ನಿಲ್ಲುತ್ತೀರಿ. ಹಾಗಾದರೆ ದಾರಿ ತಪ್ಪಿತೆಂದು ಮೊದಲೇ ಹೇಳಿ. ಹಿಂದೆ ಕಳಿಸುತ್ತಾರೆ, ಆದರೆ ಅಮೆರಿಕದ ಅಧಿಕಾರಿಗಳು ಮತ್ತೆ ಕಾಗದಪತ್ರ ಕೇಳುತ್ತಾರೆ. ಆದ್ದರಿಂದ ಕೆನಡಾಕ್ಕೆ ಹೋಗುವ ಯೋಚನೆಯೇ ಇಲ್ಲದಿದ್ದರೂ ಆ ದಿನ ಪಾಸ್‌ಪೋರ್ಟ್ ಮನೆಯಲ್ಲಿ ಬಿಡಬೇಡಿ.