ಬೇಳೆ ಮಿಲ್ಲಿಗೊಂದು ಹಗುರವಾದ ಫೋನ್ ವ್ಯವಸ್ಥೆ: ಹೊಸ ಆಸ್ಟರಿಸ್ಕ್ ಕಲಿಯುವವರಿಗೆ ಅಧ್ಯಯನ ಟಿಪ್ಪಣಿ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ತೊಗರಿ ಬೇಳೆ ಮಿಲ್ಲು ಇದೆಯೆಂದು ಇಟ್ಟುಕೊಳ್ಳೋಣ. ಗೇಟು, ವೇಬ್ರಿಡ್ಜ್, ಗೋದಾಮು, ಆಫೀಸುಗಳ ನಡುವೆ ಮಾತಾಡಲು ಕಂಪ್ಯೂಟರ್ ನೆಟ್‌ವರ್ಕಿನ ಮೇಲೆ ಓಡುವ ಹತ್ತು ಐಪಿ ಫೋನುಗಳು ಬೇಕು; ಕರೆಗಳೆಲ್ಲ ಆವರಣದೊಳಗೇ ಮುಗಿಯುತ್ತವೆ. ಇಷ್ಟಕ್ಕೆ ಲಿನಕ್ಸ್ ಹಾಕಿದ ಒಂದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಮತ್ತು ಫೋನು ಕರೆಗಳನ್ನು ಜೋಡಿಸುವ ಆಸ್ಟರಿಸ್ಕ್ ಎಂಬ ತಂತ್ರಾಂಶ ಧಾರಾಳವಾಗಿ ಸಾಕು. ಫೋನುಗಳ ಸಂಖ್ಯೆಗಿಂತ ಧ್ವನಿಯನ್ನು ಒಂದು ಕೋಡೆಕ್‌ನಿಂದ (ಧ್ವನಿಯನ್ನು ಅಂಕಿಗಳಾಗಿಸುವ ವಿಧಾನ) ಇನ್ನೊಂದಕ್ಕೆ ಬದಲಿಸುವ ಕೆಲಸವೇ ಯಂತ್ರಕ್ಕೆ ಹೆಚ್ಚು ಭಾರ ಎಂಬುದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಆಯ್ಕೆಗಳು ಸುಲಭವಾಗುತ್ತವೆ.

ಮಾರ್ಕ್ ಸ್ಪೆನ್ಸರ್ 1999ರಲ್ಲಿ ಆರಂಭಿಸಿದ ಆಸ್ಟರಿಸ್ಕ್‌ನಲ್ಲಿ ಸಿಪ್ (ಕರೆ ಆರಂಭಿಸಿ ಮುಗಿಸುವ ಸಂದೇಶಗಳ ನಿಯಮಾವಳಿ) ಬಳಸುವ ಫೋನುಗಳನ್ನು ಜೋಡಿಸಲು ಬಹುಕಾಲ ಚಾನ್-ಸಿಪ್ ಎಂಬ ಮಾಡ್ಯೂಲ್ ಇತ್ತು. 12ನೇ ಆವೃತ್ತಿಯಲ್ಲಿ ಅದೇ ಕೆಲಸಕ್ಕೆ ಪಿಜೆಸಿಪ್ ಎಂಬ ಹೊಸ ಮಾಡ್ಯೂಲ್ ಬಂದಿತು. 21ನೇ ಆವೃತ್ತಿಯಲ್ಲಿ ಹಳೆಯದನ್ನು ಪೂರ್ತಿಯಾಗಿ ತೆಗೆದುಹಾಕಲಾಯಿತು. ಹಾಗಾಗಿ ಹಳೆಯ ಪಾಠಗಳ ಸೆಟ್ಟಿಂಗುಗಳನ್ನು ನಕಲು ಮಾಡಿದರೆ ಹೊಸ ಆವೃತ್ತಿಯಲ್ಲಿ ಒಂದು ಫೋನೂ ನೋಂದಣಿಯಾಗದು. 2024ರಲ್ಲಿ ಬಿಡುಗಡೆಯಾದ, ದೀರ್ಘಾವಧಿ ಬೆಂಬಲವಿರುವ 22ನೇ ಆವೃತ್ತಿಯಿಂದಲೇ ಕಲಿಕೆ ಆರಂಭಿಸುವುದು ಒಳ್ಳೆಯದು.

ಪಿಜೆಸಿಪ್‌ನಲ್ಲಿ ಒಂದು ಫೋನಿನ ವಿವರವನ್ನು ಮೂರು ವಿಭಾಗಗಳಲ್ಲಿ ಬರೆಯಬೇಕು. ಎಂಡ್‌ಪಾಯಿಂಟ್‌ನಲ್ಲಿ ಫೋನಿನ ನಡವಳಿಕೆ, ಆಥ್‌ನಲ್ಲಿ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್, ಎಓಆರ್‌ನಲ್ಲಿ ಆ ಫೋನು ಸದ್ಯ ಎಲ್ಲಿ ಸಿಗುತ್ತದೆ ಎಂಬ ದಾಖಲೆ ಇರುತ್ತದೆ. ಕಲಿಯುವವರು ತೊಡಕಿಗೆ ಸಿಲುಕುವುದು ಹೆಚ್ಚಾಗಿ ಈ ಮೂರನೆಯದರಲ್ಲಿ. ಅದರ ಹೆಸರು, ಫೋನು ನೋಂದಣಿಗೆ ಕಳಿಸುವ ಹೆಸರಿಗೆ ಹೊಂದಬೇಕು. ಒಂದು ಹೆಸರಿನಲ್ಲಿ ಎಷ್ಟು ಫೋನುಗಳು ನೋಂದಣಿಯಾಗಬಹುದೆಂದು ಹೇಳುವ ಮ್ಯಾಕ್ಸ್-ಕಾಂಟ್ಯಾಕ್ಟ್ಸ್ ಎಂಬ ಸಂಖ್ಯೆಯನ್ನು ನಾವೇ ನಮೂದಿಸಬೇಕು, ಏಕೆಂದರೆ ಬಿಟ್ಟರೆ ಅದು ಸೊನ್ನೆಯಾಗಿಯೇ ಉಳಿದು, ಪಾಸ್‌ವರ್ಡ್ ಸರಿಯಿದ್ದರೂ ನೋಂದಣಿ ತಿರಸ್ಕೃತವಾಗುತ್ತದೆ. ಮ್ಯಾನೇಜರ್ ಅವರಿಗೆ ಆಫೀಸಿನಲ್ಲೊಂದು, ಗೋದಾಮಿನಲ್ಲೊಂದು ಫೋನು ಒಂದೇ ನಂಬರಿನಲ್ಲಿ ಬೇಕಾದರೆ ಆ ಸಂಖ್ಯೆ 2 ಆಗಬೇಕು. ಆಗಲೂ ಡಯಲ್ ಆಜ್ಞೆಗೆ ನಂಬರನ್ನಷ್ಟೇ ಕೊಟ್ಟರೆ ಒಂದೇ ಫೋನು ರಿಂಗಾಗುತ್ತದೆ. ಎರಡೂ ರಿಂಗಾಗಲು ಪಿಜೆಸಿಪ್-ಡಯಲ್-ಕಾಂಟ್ಯಾಕ್ಟ್ಸ್ ಎಂಬ ಫಂಕ್ಷನ್ ಬಳಸಬೇಕು.

ಸಿಪ್ ಸಂದೇಶಗಳನ್ನು ತೆರೆಯ ಮೇಲೆ ತೋರಿಸುವ ಪಿಜೆಸಿಪ್ ಲಾಗರ್ ಚಾಲೂ ಮಾಡಿ ಒಂದೇ ಒಂದು ಕರೆಯನ್ನು ಸಾಲು ಸಾಲಾಗಿ ಓದಿದರೆ ಎಷ್ಟೋ ಸಂಗತಿಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ವೇಬ್ರಿಡ್ಜಿನ 103ರಿಂದ ಗೇಟಿನ 101ಕ್ಕೆ ಡಯಲ್ ಮಾಡಿದೊಡನೆ ಇನ್ವೈಟ್ ಎಂಬ ಕರೆ ಕೋರಿಕೆಯ ಸಂದೇಶ ಬರುತ್ತದೆ. ಆಸ್ಟರಿಸ್ಕ್ ಅದಕ್ಕೆ 401 (ಮೊದಲು ಗುರುತು ಸಾಬೀತುಪಡಿಸು) ಎಂದು ಉತ್ತರಿಸುತ್ತದೆ. ಇದನ್ನು ಕಂಡು ಪಾಸ್‌ವರ್ಡ್ ತಿದ್ದಲು ಹೋಗಬಾರದು. ಆ ಉತ್ತರದಲ್ಲಿ ನಾನ್ಸ್ ಎಂಬ ತಾತ್ಕಾಲಿಕ ಅಕ್ಷರಗುಚ್ಛವಿರುತ್ತದೆ. ಫೋನು ಅದನ್ನೂ ಪಾಸ್‌ವರ್ಡನ್ನೂ ಸೇರಿಸಿ ಲೆಕ್ಕಹಾಕಿದ ಡೈಜೆಸ್ಟ್ ಎಂಬ ಗುಪ್ತಸಂಕೇತದೊಂದಿಗೆ ಇನ್ವೈಟನ್ನು ಮತ್ತೆ ಕಳಿಸುವುದರಿಂದ ಪಾಸ್‌ವರ್ಡ್ ನೆಟ್‌ವರ್ಕಿನಲ್ಲಿ ಬಯಲಾಗಿ ಸಾಗುವುದೇ ಇಲ್ಲ. ಬಳಿಕ ಕೋರಿಕೆ ತಲುಪಿತೆನ್ನುವ 100, ಆಚೆ ಬದಿ ರಿಂಗಾದಾಗ 180, ಎತ್ತಿಕೊಂಡಾಗ 200, ಅದಕ್ಕೆ ಆಕ್ ಎಂಬ ಸ್ವೀಕೃತಿ, ಮಾತು ಮುಗಿದಾಗ ಬೈ. ಎರಡನೆಯ ಇನ್ವೈಟಿಗೂ 401 ಬಂದರೆ ಆಗ ಪಾಸ್‌ವರ್ಡನ್ನು ಪರಿಶೀಲಿಸಬೇಕು.

ಈ ಸಂದೇಶಗಳು ಸಾಮಾನ್ಯವಾಗಿ 5060ನೇ ಪೋರ್ಟಿನಲ್ಲಿ ಓಡಾಡುತ್ತವೆ. ಧ್ವನಿಯ ಆರ್‌ಟಿಪಿ ಪ್ಯಾಕೆಟ್‌ಗಳಿಗೆ ಆಸ್ಟರಿಸ್ಕ್‌ನ ಮಾದರಿ ಸೆಟ್ಟಿಂಗ್ ಫೈಲಿನಲ್ಲಿ 10000ದಿಂದ 20000ದವರೆಗಿನ ಪೋರ್ಟುಗಳನ್ನು ಬಿಟ್ಟಿರುತ್ತಾರೆ. ಫೋನು ರಿಂಗಾಗಿ, ಎತ್ತಿದ ಮೇಲೆ ಸದ್ದೇ ಇಲ್ಲದಿದ್ದರೆ ಫೈರ್‌ವಾಲ್‌ನಲ್ಲಿ ನೋಡಬೇಕಾದದ್ದು ಇವನ್ನೇ. ಎಲ್ಲ ಫೋನುಗಳಿಗೂ ಎ-ಲಾ ಕೋಡೆಕ್ ಒಂದನ್ನೇ ಇಟ್ಟರೆ ಪರಿವರ್ತನೆಯ ಭಾರವೇ ಇರದು. 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್‌ನಂತೆ, 160 ಬೈಟ್ ಧ್ವನಿಗೆ 40 ಬೈಟ್ ಹೆಡರ್ ಸೇರಿ, ಒಂದು ದಿಕ್ಕಿಗೆ ಸೆಕೆಂಡಿಗೆ 80 ಕಿಲೋಬಿಟ್ ಆಗುತ್ತದೆ. ಸಾಧಾರಣ ಸ್ವಿಚ್ಚಿಗೂ ಇದು ಲೆಕ್ಕಕ್ಕಿಲ್ಲ.

ಬಳಸದ ಮಾಡ್ಯೂಲ್‌ಗಳನ್ನು ಸೆಟ್ಟಿಂಗ್ ಫೈಲಿನಲ್ಲಿ ನೋ-ಲೋಡ್ ಎಂದು ಬರೆದು ನಿಲ್ಲಿಸಬಹುದು. ಆದರೆ ನಮ್ಮ ಭಾಗದಲ್ಲಿ ಬಿಸಿಲು ಮತ್ತು ಕರೆಂಟಿನ ಕಡೆಗೂ ಅಷ್ಟೇ ಗಮನ ಕೊಡಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಪೈ 4ರ ಪ್ರೊಸೆಸರ್ 80 ಡಿಗ್ರಿ ಮುಟ್ಟಿದರೆ ವೇಗ ತಗ್ಗಿಸಿಕೊಳ್ಳುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಹೊರಗೇ 40 ದಾಟಿರುವಾಗ ತಗಡಿನ ಶೆಡ್ಡಿನಲ್ಲಿ ಅದನ್ನು ಇಡಬಾರದು. ಫ್ಯಾನಿಗೆ ಬೇಳೆಯ ಧೂಳು ಕಟ್ಟಿಕೊಳ್ಳುವುದರಿಂದ ಫ್ಯಾನಿಲ್ಲದ ಅಲ್ಯೂಮಿನಿಯಂ ಕೇಸೇ ಲೇಸು. ಪೈ ತನ್ನ ಎಸ್‌ಡಿ ಕಾರ್ಡಿಗೆ ಮಾಹಿತಿ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಾರ್ಡ್ ಕೆಡುವ ಸಂಭವವಿದೆ. ಲಾಗ್ ಫೈಲುಗಳನ್ನು ಟೆಂಪ್‌ಎಫ್‌ಎಸ್ ಮೂಲಕ ರ‍್ಯಾಮ್‌ನಲ್ಲಿಟ್ಟು, ಪೈ ಮತ್ತು ಸ್ವಿಚ್ ಎರಡನ್ನೂ ಯುಪಿಎಸ್‌ಗೆ ಸೇರಿಸಬೇಕು.

ಮುಂದೆ ಹೊರಗಿನ ಲೈನು ಬೇಕಾದರೆ ಪರವಾನಗಿ ಇರುವ ಕಂಪನಿಯಿಂದಲೇ ಸಿಪ್ ಟ್ರಂಕ್ (ನೆಟ್‌ವರ್ಕ್ ಮೂಲಕ ಬರುವ ಹೊರಲೈನು) ಪಡೆದು, 5060ನೇ ಪೋರ್ಟನ್ನು ಆ ಕಂಪನಿಯ ವಿಳಾಸಗಳಿಗೆ ಮಾತ್ರ ತೆರೆಯಬೇಕು.